ಎದುರಿನ ತುದಿ

"ಹಲೋ... ಅಕ್ಕಾರ... ಹಲೋ..."

ಹೈದರಾಬಾದಿನ ಆಚೆ ತುದಿಯ ಮಣಿಕೊಂಡದಿಂದ ಕಾವ್ಯಾಳ ಧ್ವನಿ ಬರುತ್ತಲೇ ಇತ್ತು. ಇತ್ತ ಮಲ್ಕಾಜ್‌ಗಿರಿಯಲ್ಲಿ ಸುವರ್ಣಾ ಜೋಳದ ಹಿಟ್ಟು ಮೆತ್ತಿದ ಎಡಗೈಯನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿದುಕೊಂಡು, "ಹೇಳವಾ, ಕೇಳಸಾಕತ್ತೈತಿ" ಎಂದು ಮೂರು ಸಲ ಅಂದಳು. ನಾಲ್ಕನೆಯ ಸಲ ಅಂದದ್ದು ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಬಸಲಿಂಗಮ್ಮನಿಗೂ ಕೇಳಿಸಿತು. ಕಾವ್ಯಾಳಿಗೆ ಮಾತ್ರ ಕೇಳಿಸಲಿಲ್ಲ. "ಮಾತಾಡವಲ್ರು ನೋಡವಾ" ಎಂದು ಅವಳು ಪಕ್ಕದಲ್ಲಿದ್ದ ತನ್ನ ತಾಯಿಗೆ ಹೇಳಿದ್ದು ಸ್ಪಷ್ಟವಾಗಿ ಬಂತು. ಅದರ ಹಿಂದೆಯೇ ಕೂಸು ಮುಲುಗಿದ ಸದ್ದು. ಆಮೇಲೆ ಫೋನು ಕಟ್ಟಾಯಿತು.

ಊರು ಕೇಳುವ ಹಾಗೆ ಒದರಿದವಳನ್ನು ಮಾತಾಡವಲ್ಲಳು ಅನ್ನುತ್ತಾಳಲ್ಲ ಎಂದು ಸುವರ್ಣಾಳಿಗೆ ಮೈಯೆಲ್ಲ ಉರಿಯಿತು. ಈ ವಾರದಲ್ಲಿ ಇದು ಮೂರನೆಯ ಸಲ. ಮೂರು ಸಲವೂ ಇದೇ ಕಥೆ. ಇವಳು ಒದರುವುದು, ಅವಳು ಹಲೋ ಹಲೋ ಅನ್ನುವುದು, ಕಟ್ ಮಾಡುವುದು. ಕರೆದೆ ಅಂತ ಹೆಸರಿಗೆ ಒಂದು ಫೋನು ಮಾಡಿ, ಅವರೇ ಮಾತಾಡಲಿಲ್ಲ ಅಂತ ನಾಳೆ ನಾಲ್ಕು ಮಂದಿಯ ಮುಂದೆ ಹೇಳುವ ಹೂಟ ಇದು ಎಂದು ಅವಳು ತೀರ್ಮಾನ ಮಾಡಿಕೊಂಡಳು. ಉಳಿದ ಹಿಟ್ಟನ್ನು ಅಂದು ಅವಳು ತಟ್ಟಿದ ರೀತಿಗೆ ರೊಟ್ಟಿಗಳು ಹಾಳೆಯಂತಾದವು.

ಕಾವ್ಯಾ ಅವಳ ತಮ್ಮ ವೈಭವನ ಹೆಂಡತಿ. ಅವಳ ಕೂಸಿಗೆ ಬರುವ ಭಾನುವಾರ ತೊಟ್ಟಿಲು. ಅವರ ಕಡೆ ತೊಟ್ಟಿಲಿನ ದಿನ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕನೋ ತಂಗಿಯೋ. ಆ ಮನೆಗೆ ಇರುವ ಸೋದರತ್ತೆ ಸುವರ್ಣಾ ಒಬ್ಬಳೇ. ಆದರೆ ಸೋದರತ್ತೆ ಹಾಗೆ ಕರೆಯದೆ ಹೋಗುವವಳಲ್ಲ. ಬಾಣಂತಿಯೋ ಆ ಮನೆಯ ಹಿರಿಯ ಹೆಂಗಸೋ ಬಾಯಿ ತುಂಬ ಕರೆಯಬೇಕು. ವೈಭವ ಕಳಿಸಿದ್ದ ಬಣ್ಣದ ಕಾರ್ಡು ವಾಟ್ಸಾಪಿನಲ್ಲಿ ಬಂದು ಬಿದ್ದಿತ್ತು. ಅದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಂಥ ಕಾರ್ಡು ಅವನ ಆಫೀಸಿನವರಿಗೆಲ್ಲ ಹೋಗಿರುತ್ತದೆ.

ವೈಭವ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅವ್ವ ಹೋದಾಗ ಅವನಿಗೆ ಆರು ವರ್ಷ. ಅವನನ್ನು ಶಾಲೆಗೆ ಕಳಿಸಿ, ಓದಿಸಿ, ಬ್ಯಾಂಕಿನ ನೌಕರಿ ಹತ್ತುವ ತನಕ ದಡ ಮುಟ್ಟಿಸಿದವಳು ಸುವರ್ಣಾ. ಅದರ ನಡುವೆ ತನ್ನ ಮದುವೆಯ ಮಾತು ಯಾವಾಗ ಹಿಂದೆ ಬಿತ್ತು ಎನ್ನುವುದು ಅವಳಿಗೇ ಸರಿಯಾಗಿ ನೆನಪಿಲ್ಲ. ಈಗ ನಲವತ್ತರ ಹೊತ್ತಿಗೆ ಅವನಿಗೆ ಒಂದು ಹೆಣ್ಣು ಕೂಸು. ಆಸ್ಪತ್ರೆಯಲ್ಲಿ ಒಂದೇ ಸಲ, ಐದು ನಿಮಿಷ ನೋಡಿದ್ದಳು. ಕಾವ್ಯಾ ಅತ್ತ ತಿರುಗಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ ಎಂಬುದು ಅವಳ ಭುಜ ನೋಡಿದರೆ ತಿಳಿಯುತ್ತಿತ್ತು.

ಕಾವ್ಯಾಳ ಸಿಟ್ಟು ಎಲ್ಲಿಯದು ಎಂಬುದೂ ಸುವರ್ಣಾಳಿಗೆ ಗೊತ್ತಿತ್ತು. ಕುಬಸದ ದಿನ, ಬಸುರಿಯ ಮಡಿಲು ತುಂಬುವ ಹೊತ್ತಿಗೆ, ಅವಳು ಒಂದು ಮಾತು ಅಂದಿದ್ದಳು. "ಈ ಸಲನಾದ್ರೂ ಜ್ವಾಕಿ ಮಾಡ್ಕೋ. ಆಫೀಸು ಆಫೀಸು ಅಂತ ಓಡಾಡಿ ಎರಡು ಕಳಕೊಂಡಿ." ಕಕ್ಕುಲಾತಿಯಿಂದ ಅಂದ ಮಾತು ಅದು. ಮನೆಯ ಹಿರಿಯಳಾಗಿ ಅಷ್ಟೂ ಅನ್ನಬಾರದೆ ಎಂದು ಅವಳ ವಾದ. ಕಾವ್ಯಾ ಮಡಿಲ ಅಕ್ಕಿಯನ್ನೇ ನೋಡುತ್ತ ಕೂತದ್ದು ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಆದರೂ ವಾದ ಬಿಟ್ಟಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ವೈಭವನ ಧ್ವನಿ ಸಂದೇಶ ಬಂತು. ಅವನು ದಣಿದಿದ್ದ. "ಅಕ್ಕಾ, ಆಕಿ ಮೂರು ಸಲ ಫೋನ್ ಹಚ್ಚಿದ್ಲು. ನೀ ಎತ್ತಿ ಸುಮ್ಮನ ಕೂಡ್ತೀಯಂತ. ಒಲ್ಲೆ ಅಂದ್ರ ಒಲ್ಲೆ ಅನ್ನು. ಹಿಂಗ ಮಾಡಬ್ಯಾಡ. ನೀ ಬರೂದಿಲ್ಲಂದ್ರ ಆಕಿ ಅವ್ವ ಕೂಸಿನ ಕಿವ್ಯಾಗ ಹೆಸರು ಹೇಳ್ತಾರ, ಏನ್ ಮಾಡೂದು."

ಇದನ್ನು ಅವಳು ಮೂರು ಸಲ ಕೇಳಿದಳು. ಕಾವ್ಯಾಳ ತಾಯಿ ಗಂಗಾಬಾಯಿ ಒಳ್ಳೆಯ ಹೆಂಗಸೇ. ಆದರೆ ತಾನು ಜೀವಂತ ಇರುವಾಗ ಆ ಕೂಸಿನ ಕಿವಿಗೆ ಬಗ್ಗುವವರು ಇನ್ನೊಬ್ಬರು ಎಂದರೆ, ಆ ಮನೆಯಲ್ಲಿ ತಾನು ಇನ್ನು ಯಾರು? ಅದಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಬೇರೆ. ಸುವರ್ಣಾ ಸುಮ್ಮನೆ ಕೂಡುತ್ತಾಳಂತೆ! ಅವಳ ಅರವತ್ತು ವರ್ಷದ ಬದುಕಿನಲ್ಲಿ ಈ ಆರೋಪವನ್ನು ಯಾರೂ ಮಾಡಿರಲಿಲ್ಲ.

ಸಿಕಂದರಾಬಾದಿನ ರೈಲ್ವೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳು ವರ್ಷಗಟ್ಟಲೆ ಆಪರೇಟರ್ ಆಗಿದ್ದವಳು. ಹೈದರಾಬಾದಿನ ತೆಲುಗು, ಹಿಂದಿ, ಗುಂತಕಲ್ಲಿನ ಕಡೆಯ ಕನ್ನಡ, ಎಲ್ಲದರಲ್ಲೂ ಜಗಳಾಡಿ ಗೆದ್ದವಳು. ಲೈನು ಸರಿಯಿಲ್ಲ ಎಂದು ಯಾರಾದರೂ ದೂರಿದರೆ ಅವಳ ಉತ್ತರ ಒಂದೇ, ಎದುರಿನ ತುದಿ ನೋಡಿಸಿಕೊಳ್ಳಿ. ಈಗಲೂ ಅವಳ ನಂಬಿಕೆ ಅದೇ. ಈ ಹೊಸ ಫೋನು ವೈಭವ ಕೊಡಿಸಿದ್ದು. ಹಳೆಯದು ಬಚ್ಚಲ ನೀರಿಗೆ ಬಿದ್ದು ತೀರಿಕೊಂಡಿತ್ತು. ಕೂಸಿನ ಫೋಟೋ ನೋಡಲಿ ಎಂದು ದೊಡ್ಡ ಗಾಜಿನದೇ ತಂದಿದ್ದ. ಹೊಸದಕ್ಕೆ ಕೆಡುವ ಮಾತೆಲ್ಲಿ? ತಮ್ಮನ ಮನೆಯವರು ಹದಿನಾಲ್ಕನೆಯ ಮಹಡಿಯಲ್ಲಿ ಮನೆ ಮಾಡಿ, ನಾಲ್ಕು ಕಡೆ ಸಿಮೆಂಟಿನ ಗೋಡೆ ಎಬ್ಬಿಸಿಕೊಂಡರೆ ಧ್ವನಿ ಹೋಗುವುದಾದರೂ ಹೇಗೆ? ಗೆಳತಿ ನಲಿನಿಯೂ ಮೊನ್ನೆ ಕೇಳಿಸವಲ್ದು ಅಂದಿದ್ದಳು. ಅವಳ ಕಿವಿಯೇ ಮಂದವಾಗಿದೆ ಎಂದು ಸುವರ್ಣಾ ಮರುಗಿದ್ದಳು.

ಆದರೂ ಅವಳು ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಹುಡುಕಿ ತಮ್ಮನಿಗೆ ಬರೆದಳು. ಅವಳು ಅಂದದ್ದೆಲ್ಲ ನನಗೆ ಕೇಳಿಸುತ್ತದೆ, ನಾನು ಅಂದದ್ದು ಅವಳಿಗೆ ಹೋಗುವುದಿಲ್ಲ, ನಾಳೆ ಫೋನನ್ನು ಕೋಠಿಯ ರಿಪೇರಿ ಅಂಗಡಿಗೆ ಒಯ್ದು ತೋರಿಸುತ್ತೇನೆ. ಬರೆದದ್ದು ಇಷ್ಟೇ. ಮನಸ್ಸಿನಲ್ಲಿದ್ದದ್ದು, ನನ್ನ ಫೋನಿನಲ್ಲಿ ಏನೂ ತಪ್ಪಿಲ್ಲ ಎಂದು ತಿಳಿದವರಿಂದ ಹೇಳಿಸಿಕೊಂಡು ಬರುತ್ತೇನೆ ಎಂದು.

ಶನಿವಾರ ಬೆಳಿಗ್ಗೆ ಆಧಾರ್ ಕಾರ್ಡು ತೋರಿಸಿ, ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಕೊಡುವ ಜೀರೋ ಟಿಕೆಟ್ಟು ಪಡೆದು ಕೋಠಿಗೆ ಹೋಗಿ ಇಳಿದಳು. ರಿಪೇರಿ ಅಂಗಡಿಯ ಹೇಮಂತ ಮರ್ಯಾದಸ್ಥ. ಸ್ಟೂಲು ಕೊಟ್ಟ. ಸಿಮ್ ತೆಗೆದು ಒರೆಸಿ ಇನ್ನೊಂದು ಸಂದಿಯಲ್ಲಿ ಹಾಕಿದ. ನೆಟ್‌ವರ್ಕಿನ ಸೆಟ್ಟಿಂಗನ್ನೆಲ್ಲ ಅಳಿಸಿ ಮೊದಲಿನಿಂದ ಎಬ್ಬಿಸಿದ. ಫೋನನ್ನು ಆರಿಸಿ ಹಚ್ಚಿದ. ಕಡೆಗೆ ಕಂಪನಿಯ ನಂಬರಿಗೆ ಹಚ್ಚಿ, ಅಲ್ಲಿನ ಯಂತ್ರದ ಹೆಣ್ಣು ತೆಲುಗಿನಲ್ಲಿ ಒಂದು ಒತ್ತಿ ಎರಡು ಒತ್ತಿ ಅನ್ನುವುದನ್ನು ಅವಳ ಕಿವಿಗೆ ಹಿಡಿದ. ಗಂಟೆ ಬಾರಿಸಿದಂತೆ ಕೇಳಿಸಿತು. ಫೋನು ಬಂಗಾರದಂತಿದೆ ಅಮ್ಮಾ, ಅಪಾರ್ಟ್‌ಮೆಂಟಿನವರಿಗೆ ವೈಫೈ ಕಾಲಿಂಗ್ ಹಾಕಿಕೊಳ್ಳಲು ಹೇಳಿ ಎಂದ. ಸುವರ್ಣಾಳ ಮುಖ ಅರಳಿತು. ಅದೇ ಖುಷಿಯಲ್ಲಿ ಅವಳ ಕಾಲು ತಾನಾಗಿ ಬಟ್ಟೆ ಓಣಿಯ ಕಡೆ ತಿರುಗಿತು. ಕರೆ ಬರಲಿ ಬಿಡಲಿ, ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆಯನ್ನು ಅವ್ವನ ಖಣದ ಬಟ್ಟೆಯಲ್ಲಿ ಹೊಲಿದಾಗಿತ್ತು, ಅಂಚಿಗೆ ಒಂದೂವರೆ ಮೊಳ ಜರಿ ಬೇಕಿತ್ತು.

ಬಸ್ ಸ್ಟಾಪಿನಲ್ಲಿ ನಿಂತು ನಲಿನಿಗೆ ಫೋನು ಹಚ್ಚಿದಳು, ಗೆದ್ದ ಸುದ್ದಿ ಹೇಳಲು. "ಹಲೋ? ಯಾರ್ರಿ? ಏನೂ ಕೇಳಸವಲ್ದು" ಎಂದು ನಲಿನಿ ಕಟ್ ಮಾಡಿದಳು. ನಲಿನಿಯ ಮನೆ ಮಲಕಪೇಟೆಯಲ್ಲಿ, ನೆಲದ ಮೇಲೆಯೇ ಇದೆ. ಸಿಮೆಂಟಿನ ಹದಿನಾಲ್ಕು ಮಹಡಿಯ ಮೇಲೆ ತಪ್ಪು ಹೊರಿಸಲು ಇಲ್ಲಿ ದಾರಿಯಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಮಲ್ಲಪ್ಪ ಮೇಸ್ತ್ರಿಯ ನೆನಪಾಯಿತು. ಎಕ್ಸ್‌ಚೇಂಜಿನಲ್ಲಿ ಅವಳಿಗೆ ಕೆಲಸ ಕಲಿಸಿದ ಬೀದರಿನ ಮುದುಕ. ಹೊಸಬರಿಗೆ ಅವನು ಮೊದಲು ಮಾಡಿಸುತ್ತಿದ್ದದ್ದು ಒಂದೇ ಪರೀಕ್ಷೆ. ಲೈನನ್ನು ಮಡಚಿ ತನ್ನ ಕಿವಿಗೇ ತಂದುಕೊಂಡು ಮಾತಾಡುವುದು. "ಮೊದಲ ನಿನ್ನ ಬಾಯಿ ನಿನ್ನ ಕಿವಿಗೆ ಹೆಂಗ ಬರತೈತಿ ನೋಡು, ಆಮ್ಯಾಲೆ ಮಂದಿಗೆ ಬೈಯಿ" ಅನ್ನುತ್ತಿದ್ದ. ಕೆಲಸ ಕಾಯಂ ಆದ ಮೇಲೆ ಆ ಪರೀಕ್ಷೆಯನ್ನು ಯಾರೂ ಮಾಡುತ್ತಿರಲಿಲ್ಲ. ಸುವರ್ಣಾ ಅಂತೂ ಮಾಡಿದ್ದೇ ಇಲ್ಲ. ಹೇಮಂತ ಕೂಡ ಫೋನಿಗೆ ಕಿವಿ ಇದೆಯೇ ಎಂದು ನೋಡಿದನೇ ಹೊರತು ಬಾಯಿ ಇದೆಯೇ ಎಂದು ನೋಡಿರಲಿಲ್ಲ.

ಮನೆಗೆ ಬಂದವಳೇ ಚಪ್ಪಲಿ ಬಿಟ್ಟು, ಫೋನಿನಲ್ಲಿ ಧ್ವನಿ ತುಂಬಿಡುವ ಗುಂಡಿ ಹುಡುಕಿ, "ನಾ ಸುವರ್ಣಾ ಮಾತಾಡಾಕತ್ತೀನಿ" ಎಂದು ಹೇಳಿ ತಿರುಗಿ ಕೇಳಿದಳು. ಕೌದಿಯ ಕೆಳಗೆ ಯಾರೋ ಗುಣುಗುಣು ಅಂದಂತಾಯಿತು. ಇನ್ನೊಮ್ಮೆ, ಗಟ್ಟಿಯಾಗಿ. ಅದೇ ಗುಣುಗುಣು. ಕಿಟಕಿಯ ಬೆಳಕಿಗೆ ಹಿಡಿದು ಫೋನಿನ ಬುಡ ನೋಡಿದಳು. ಅಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತಿನ ಮೇಲೆ ಹಳದಿ ಗಟ್ಟಿಯಾಗಿ ಕೂತಿತ್ತು, ನಡುವೆ ಒಂದು ಕೆಂಪು ಚುಕ್ಕೆ.

ಅವಳಿಗೆ ನಗು ಬಂತು, ಅದರ ಬೆನ್ನಿಗೇ ನಾಚಿಕೆಯೂ ಬಂತು. ಫೋನು ಮನೆಗೆ ಬಂದ ದಿನ ಹೊಸ ವಸ್ತು ಎಂದು ದೇವರ ಮುಂದಿಟ್ಟು ಪೂಜೆ ಮಾಡಿದ್ದಳು. ಗಾಜಿಗೆ ಏನೂ ತಾಗಿಸಬೇಡ ಎಂದು ವೈಭವ ಹೇಳಿದ್ದ. ಬೆನ್ನಿಗೆ ಕವರು ಇತ್ತು. ಹಾಗಾಗಿ ಹೊಸ್ತಿಲಿಗೆ ಬಳಿಯುವಂತೆ ಕೆಳಗಿನ ಅಂಚಿಗೆ ಕಲಸಿದ ಅರಿಶಿನ ಬಳಿದು, ಮೇಲೆ ಕುಂಕುಮ ಇಟ್ಟಿದ್ದಳು. ತಾನೇ ಕೈಯಾರೆ ಅದರ ಬಾಯಿ ಮುಚ್ಚಿ, ಹತ್ತು ದಿನ ಎಲ್ಲರ ಕಿವಿಗೆ ಬೈದಿದ್ದಳು.

ದೀಪದ ಕಂಬ ಉಜ್ಜುವ ಮೆತ್ತನೆಯ ಬ್ರಷ್ಷನ್ನು ಒಣಗಿಸಿ, ಉಸಿರು ಬಿಗಿಹಿಡಿದು, ಒಂದೊಂದೇ ಕಣ ಉದುರಿಸಿದಳು. ಪಿನ್ನು ಹಾಕಲು ಹೋಗಲಿಲ್ಲ. ಪಿನ್ನು ಹಾಕಿ ಕೆಡಿಸಿದ ಉಪಕರಣಗಳನ್ನು ಅವಳು ಸಾಕಷ್ಟು ಕಂಡಿದ್ದಳು. ಮತ್ತೆ ಧ್ವನಿ ತುಂಬಿ ಕೇಳಿದಳು. ಸುವರ್ಣಾ ಮಾತಾಡಾಕತ್ತೀನಿ ಎಂದು ಫೋನು ಎದ್ದು ಬಂದಂತೆ ಹೇಳಿತು. ಧ್ವನಿ ತನ್ನದೇ, ಆದರೆ ತಾನು ಅಂದುಕೊಂಡದ್ದಕ್ಕಿಂತ ಗಡುಸು. ಹೆದರಿಸುವಂತಿತ್ತು. ಇದನ್ನೇ ಕಾವ್ಯಾ ಹತ್ತು ವರ್ಷದಿಂದ ಕೇಳುತ್ತಿದ್ದಾಳೆಯೇ ಎಂದು ಒಂದು ಗಳಿಗೆ ಅನಿಸಿತು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು.

ತಾನೇ ಫೋನು ಹಚ್ಚಬೇಕೆ ಎಂದು ಅವಳು ಒಂದೂವರೆ ತಾಸು ಯೋಚಿಸಿದಳು. ಹಚ್ಚಿದರೆ, ಕರೆಯಿರಿ ಎಂದು ಬೇಡಿದಂತೆ. ಹಚ್ಚದಿದ್ದರೆ ನಾಳೆ ಗಂಗಾಬಾಯಿ ಹೆಸರು ಹೇಳುತ್ತಾರೆ. ಕುಂಚಿಗೆಗೆ ಜರಿ ಹಚ್ಚಿ, ಹಚ್ಚಿದ್ದನ್ನು ಬಿಚ್ಚಿ ಮತ್ತೆ ಹಚ್ಚಿ, ಆಮೇಲೆ ಅನ್ನಕ್ಕಿಟ್ಟಳು. ಹೇಳಬೇಕಾದ ಮಾತನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಳು. ಅದರಲ್ಲಿ ಅರ್ಧ ಸಮಾಧಾನದ್ದು, ಇನ್ನರ್ಧ ತನ್ನ ವಾದದ್ದು. ಇನ್ನೇನು ಹಚ್ಚಬೇಕು ಎನ್ನುವಷ್ಟರಲ್ಲಿ ಫೋನೇ ರಿಂಗಾಯಿತು.

"ಅಕ್ಕಾರ, ನೀವು ಏನೂ ಮಾತಾಡಬ್ಯಾಡ್ರಿ" ಎಂದಳು ಕಾವ್ಯಾ, ಹಲೋ ಕೂಡ ಅನ್ನದೆ. "ನೀವು ಬರೆದದ್ದು ಇವರು ಈಗ ತೋರಿಸಿದ್ರು. ನೀವು ಮಾತಾಡಿದ್ರೂ ನನಗ ಬರೂದಿಲ್ಲ. ನಿಮಗ ಕೇಳಸ್ತೈತಂತಲ್ಲ, ಅಷ್ಟ ಸಾಕು."

ಬಾಯಿ ಸರಿಯಾಗಿದೆ ಎಂದು ಹೇಳಲು ಸುವರ್ಣಾ ಬಾಯಿ ತೆರೆದಳು. ಅಷ್ಟರಲ್ಲಿ ಕಾವ್ಯಾ ಮುಂದೆ ಹೋಗಿಬಿಟ್ಟಿದ್ದಳು. ಬಾಗಿಲು ಮುಚ್ಚಿಕೊಂಡು ಕೂತಂತಿತ್ತು, ಆ ಕಡೆ ಬೇರೆ ಸದ್ದಿರಲಿಲ್ಲ.

"ಕುಬಸದಾಗ ಅಂದ್ರಲ್ಲ, ಓಡಾಡಿ ಎರಡು ಕಳಕೊಂಡಿ ಅಂತ. ಎರಡನೇದಕ್ಕ ನಾ ಓಡಾಡಿದ್ದಿಲ್ರಿ. ಮೂರು ತಿಂಗಳು ರಜಾ ಹಾಕಿ ಮಂಚ ಬಿಟ್ಟು ಇಳಿದಿದ್ದಿಲ್ಲ. ಅದನ್ನ ನಿಮಗ ಹೇಳಬ್ಯಾಡ್ರಿ ಅಂತ ನಾನ ಇವರಿಗೆ ಹೇಳಿದ್ದೆ. ಯಾಕಂದ್ರ ಮೊದಲನೇದು ಹೋದಾಗ ನೀವು ದವಾಖಾನಿಗೆ ಬಂದು ಒಂದು ತಾಸು ಮಾತಾಡಿದ್ರಿ. ಏನು ತಿನಬೇಕಿತ್ತು, ಹೆಂಗ ಮಲಗಬೇಕಿತ್ತು, ಎಲ್ಲಾ ಹೇಳಿದ್ರಿ. ನೋಯಸ್ತೈತೇನು ಅಂತ ಕೇಳಲಿಲ್ಲ."

ಗಂಜಿ ಕುಡಿಸಿದ್ದು ಯಾರ ಕೈ ಎಂಬ ಮಾತು ಸುವರ್ಣಾಳ ಗಂಟಲ ತನಕ ಬಂತು. ಮೂರು ಡಬ್ಬಿ ಹೊತ್ತುಕೊಂಡು ಎರಡು ಬಸ್ಸು ಬದಲಿಸಿ ಹೋಗಿದ್ದಳು ಆ ದಿನ. ಅದನ್ನು ನುಂಗಿದಳು. ನುಂಗುವಾಗ, ಕೇಳಲಿಲ್ಲ ಎಂಬುದು ನಿಜ ಎಂದು ಹೊಳೆಯಿತು. ನಿಜವಾಗಿಯೂ ಕೇಳಿರಲಿಲ್ಲ.

"ಎರಡನೇದಕ್ಕ ಐದು ತಿಂಗಳು ತುಂಬಿತ್ತು. ಗಂಡು. ನಾ ನೋಡೀನ್ರಿ ಅವನ್ನ, ಇವರು ನೋಡಲಿಲ್ಲ. ಬೆರಳೆಲ್ಲ ಮೂಡಿದ್ದು. ಅವಂಗ ಯಾರೂ ಹೆಸರಿಡಲಿಲ್ಲ." ಕಾವ್ಯಾ ನಿಲ್ಲಿಸಿದಳು. ಅಳುತ್ತಿರಲಿಲ್ಲ, ಉಸಿರು ತೆಗೆದುಕೊಳ್ಳುತ್ತಿದ್ದಳು. "ಈಕಿಗೆ ಹೆಸರಿಡೂ ದಿನ ಹತ್ತರ ಬಂದಂಗ ಅವನ ಭಾಳ ನೆನಪಾಗಾಕತ್ತಾನ. ಇಷ್ಟು ನಿಮಗ ಹೇಳದ, ನಿಮ್ಮ ಬಾಯಿಂದ ಈಕಿ ಕಿವ್ಯಾಗ ಹೆಸರು ಹೇಳಸಾಕ ನನ್ನ ಮನಸ್ಸು ಒಪ್ಪಲಿಲ್ರಿ. ಅದಕ್ಕ ಫೋನ್ ಮಾಡಿದ್ದೆ. ಫೋನ್ ಚಲೋ ಇದ್ದಿದ್ರ ನೀವು ನನಗ ಇಷ್ಟು ಮಾತಾಡಗೊಡತಿದ್ದಿಲ್ಲ."

ಸುವರ್ಣಾ ಗೋಡೆಗೆ ಆತುಕೊಂಡಳು. ಸಾಲಾಗಿ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಬೆರಳು ಮೂಡಿದ ಆ ಕೂಸಿಗೂ ತಾನೇ ಸೋದರತ್ತೆ. ಹೋದದ್ದು ಗಂಡು ಎಂಬುದೂ ಅವಳಿಗೆ ಇಂದಿನ ತನಕ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಮೂಗು ಎಳೆದರೆ ಆ ಕಡೆಗೆ ಕೇಳಿಸೀತು ಎಂದು ಸೆರಗಿನಿಂದ ಮುಖ ಒತ್ತಿ ಹಿಡಿದಳು.

"ನಾಳೆ ಹತ್ತಕ್ಕ ಬರ್ರಿ" ಎಂದಳು ಕಾವ್ಯಾ. "ನೀವ ಬರಬೇಕು. ಬರತೀರಂದ್ರ ಈಗ ಫೋನ್ ಕಟ್ ಮಾಡ್ರಿ. ನಾ ತಿಳ್ಕೋತೀನಿ."

ಕೆಂಪು ಗುಂಡಿಯ ಮೇಲೆ ಸುವರ್ಣಾಳ ಹೆಬ್ಬೆರಳು ಬಂದು ನಿಂತಿತು. ಒತ್ತಿದರೆ ಮುಗಿಯಿತು. ನಾಳೆ ಹೋಗಿ, ಫೋನು ಕೆಟ್ಟಿತ್ತು ನೋಡವಾ, ಏನೇನೋ ಅರ್ಧಂಬರ್ಧ ಕೇಳಿಸಿತು ಎಂದು ಹೇಳಿ, ಕುಂಚಿಗೆ ಹೊದಿಸಿ, ಕೂಸಿನ ಕಿವಿಗೆ ಬಗ್ಗಬಹುದು. ಇಬ್ಬರಿಗೂ ಸುಲಭ. ಕಾವ್ಯಾ ಕಾಯುತ್ತಿದ್ದಳು. ಒಲೆಯ ಮೇಲೆ ಕುಕ್ಕರು ಸಣ್ಣಗೆ ಸುಂಯ್ ಅನ್ನತೊಡಗಿತ್ತು.

"ಹೂಂ" ಎಂದಳು ಸುವರ್ಣಾ.

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಕಾವ್ಯಾ ಕೇಳಿದಳು. "ಫೋನ್ ಯಾವಾಗ ಚಲೋ ಆತ್ರಿ?"

"ಹನ್ನೆರಡಕ್ಕ."

ಈಗ ಎರಡು ಹೊಡೆಯಲು ಬಂದಿತ್ತು. ಕಾವ್ಯಾಳ ಮನೆಯಲ್ಲಿಯೂ ಗೋಡೆಯ ಮೇಲೆ ಗಡಿಯಾರ ಇದೆ. ಅವಳು ಅದನ್ನು ನೋಡುತ್ತಿರಬೇಕು. ಸುವರ್ಣಾ ಬೈಗುಳಕ್ಕೆ ತಯಾರಾದಳು. ಕಟ್ ಮಾಡಿದರೂ ಮಾಡಬಹುದು ಎಂದುಕೊಂಡಳು.

"ಹಂಗಾರ," ಎಂದಳು ಕಾವ್ಯಾ, ನಿಧಾನವಾಗಿ, "ಇನ್ನೊಂದಿಷ್ಟು ಹೇಳೂದೈತ್ರಿ."

ಸುವರ್ಣಾ ಕೈ ಚಾಚಿ ಕುಕ್ಕರಿನ ಕೆಳಗಿನ ಉರಿ ಆರಿಸಿದಳು. ಮಣೆ ಎಳೆದುಕೊಂಡು ಕೂತು, ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.